ವ್ಯಾನ್ ಗೋ ಕೋಣೆಯ ಗೋಡೆ ನೀಲಿಯಲ್ಲ: ‘ಬೆಡ್‌ರೂಮ್’ ಚಿತ್ರವನ್ನು ಮನೆಯಲ್ಲೇ ಬರೆಯುವ ಸಮಗ್ರ ಮಾರ್ಗದರ್ಶಿ

ಈ ಚಿತ್ರವನ್ನು ಮೊದಲ ಸಲ ನಕಲು ಮಾಡಿದಾಗ ನಾನು ಗೋಡೆಗೆ ಆಕಾಶನೀಲಿ ಹಚ್ಚಿದ್ದೆ. ಹಚ್ಚದೆ ಇನ್ನೇನು? ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನ ಮೇಲೆ, ಫೋನಿನಲ್ಲಿ ಎಲ್ಲಿ ನೋಡಿದರೂ ಆ ಗೋಡೆ ನೀಲಿಯೇ. ಮಂಚ ಸರಿಯಾಗಿ ಬಂತು, ಕುರ್ಚಿಯೂ ಪರವಾಗಿಲ್ಲ, ಹೊದಿಕೆಯ ಕೆಂಪು ಅಂತೂ ಚೆನ್ನಾಗಿಯೇ ಬಂತು. ಆದರೆ ಮುಗಿಸಿ ದೂರ ನಿಂತು ನೋಡಿದರೆ ಮಲಗುವ ಕೋಣೆ ಥರ ಇರಲಿಲ್ಲ, ಮಕ್ಕಳ ಪ್ಲೇಹೋಮ್ ಥರ ಇತ್ತು. ಬಣ್ಣಗಳು ಒಂದರ ಮೇಲೊಂದು ಕೂಗಾಡುತ್ತಿದ್ದವು.

ಆಮೇಲೆ ವ್ಯಾನ್ ಗೋ ತನ್ನ ತಮ್ಮ ತಿಯೋಗೆ ಬರೆದ ಪತ್ರ ಓದಿದೆ. 1888ರ ಅಕ್ಟೋಬರ್ 16ರ ಪತ್ರ ಅದು. ಗೋಡೆ ತಿಳಿ ನೇರಳೆ ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಬಾಗಿಲುಗಳೂ ನೇರಳೆ ಛಾಯೆಯವೇ. ಅಂದರೆ ನಾವೆಲ್ಲ ನೋಡುತ್ತಿರುವುದು ಬಣ್ಣ ಮಾಸಿದ ಚಿತ್ರ. ನೇರಳೆ ಬರಲು ಅವನು ನೀಲಿಯ ಜೊತೆ ಬೆರೆಸಿದ್ದ ಕೆಂಪು ಬೆಳಕಿಗೆ ಹಾರಿಹೋಗಿ, ಬರೀ ನೀಲಿ ಉಳಿದುಕೊಂಡಿದೆ.

ಹಾಗಾಗಿ ಈ ಮಾರ್ಗದರ್ಶಿ ಫೋಟೋ ನೋಡಿ ನಕಲು ಮಾಡುವುದಕ್ಕಲ್ಲ. ಗೆರೆಗೆ ಫೋಟೋ, ಬಣ್ಣಕ್ಕೆ ಪತ್ರ. ಚಿತ್ರಕಲೆ ಕಲಿತವರೇ ಆಗಬೇಕಿಲ್ಲ. ಎರಡು ಭಾನುವಾರ ಬಿಡುವಿದ್ದರೆ ಸಾಕು.

ಶುರು ಮಾಡುವ ಮೊದಲು: ಈ ಕೋಣೆ ಯಾವುದು?

ಫ್ರಾನ್ಸಿನ ದಕ್ಷಿಣದಲ್ಲಿ ಆರ್ಲ್ ಅಂತ ಊರು. ಅಲ್ಲಿನ ಲಮಾರ್ಟಿನ್ ಚೌಕದ 2ನೇ ನಂಬರಿನ ಹಳದಿ ಮನೆಯಲ್ಲಿ ವ್ಯಾನ್ ಗೋ 1888ರ ಮೇ ತಿಂಗಳಿಂದ ಬಾಡಿಗೆಗಿದ್ದ. ತಿಂಗಳಿಗೆ 15 ಫ್ರಾಂಕ್. ಮೊದಲು ಬರೀ ಚಿತ್ರ ಬರೆಯುವುದಕ್ಕೆ ಬಳಸುತ್ತಿದ್ದ, ಸೆಪ್ಟೆಂಬರಿನಲ್ಲಿ ಎರಡು ಮಂಚ ಕೊಂಡು ಅಲ್ಲೇ ಮಲಗಲು ಶುರು ಮಾಡಿದ. ವಾಲ್ನಟ್ ಮರದ ಒಳ್ಳೆ ಮಂಚ ಬರುವ ನೆಂಟರಿಗೆ, ಸಾದಾ ಪೈನ್ ಮರದ್ದು ತನಗೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ, ಒಳ್ಳೆ ಹಾಸಿಗೆ ಬಂದವರಿಗೇ. ಬರಬೇಕಿದ್ದ ನೆಂಟ ಚಿತ್ರಕಾರ ಗೋಗ್ಯಾನ್. ಅವನು ಬಂದಿದ್ದು ಅಕ್ಟೋಬರ್ 23ಕ್ಕೆ. ಈ ಚಿತ್ರ ಹುಟ್ಟಿದ್ದು ಅದಕ್ಕೆ ಒಂದು ವಾರ ಮೊದಲು.

ಆ ದಿನಗಳಲ್ಲಿ ಅವನಿಗೆ ವಿಪರೀತ ದಣಿವು. ಕಣ್ಣು ಸೋತಿತ್ತು. ಒಂದೇ ಸಮನೆ 16 ಗಂಟೆ ಮಲಗಿ ಎದ್ದೆ ಅಂತ ತಮ್ಮನಿಗೆ ಬರೆದಿದ್ದಾನೆ. ಬಲವಂತದ ವಿಶ್ರಾಂತಿಗೆ ಸೇಡು ತೀರಿಸಿಕೊಳ್ಳುವ ಹಾಗೆ ಈ ಚಿತ್ರ ಹಿಡಿದ. ವಸ್ತು ಏನು? ಅವನದೇ ಮಲಗುವ ಕೋಣೆ. ನೋಡಿದವರ ತಲೆಗೆ, ಕಲ್ಪನೆಗೆ ಆರಾಮ ಸಿಗಬೇಕು, ನಿದ್ದೆ ನೆನಪಾಗಬೇಕು, ಅದನ್ನು ಮಾಡಬೇಕಾದ್ದು ಬಣ್ಣವೇ ಅನ್ನುವುದು ಅವನ ಲೆಕ್ಕ. ಈ ಮಾತನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ. ಕೆಲಸದ ಮಧ್ಯೆ ಗೊಂದಲ ಆದಾಗಲೆಲ್ಲ ಇದೇ ದಾರಿ ತೋರಿಸುತ್ತದೆ.

ಇನ್ನೊಂದು ವಿಷಯ. ಇದನ್ನು ಪೋಸ್ಟ್ ಇಂಪ್ರೆಷನಿಸ್ಟ್ ಚಿತ್ರ ಅಂತ ಕರೆಯುತ್ತಾರೆ. ಆ ಹೆಸರು ಹುಟ್ಟಿದ್ದು 1910ರಲ್ಲಿ, ಕಲಾವಿಮರ್ಶಕ ರಾಜರ್ ಫ್ರೈ ಲಂಡನ್ನಿನಲ್ಲಿ ಮಾಡಿದ ಪ್ರದರ್ಶನಕ್ಕೆ. ವ್ಯಾನ್ ಗೋ ತೀರಿಕೊಂಡು ಆಗಲೇ 20 ವರ್ಷ ಆಗಿತ್ತು. ಆದ್ದರಿಂದ ಆ ಪದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಯದೆ, ಹೇಳಬೇಕಾದ ಭಾವಕ್ಕೆ ತಕ್ಕ ಬಣ್ಣ ಹಾಕುವುದು ಅಂತ ತಿಳಿದುಕೊಂಡರೆ ನಮ್ಮ ಕೆಲಸಕ್ಕೆ ಸಾಕು.

ಹಂತ 1: ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ

ಈ ಚಿತ್ರ ಒಂದಲ್ಲ, ಮೂರಿವೆ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ಫೋಟೋ ಇಟ್ಟುಕೊಂಡು ಶುರು ಮಾಡಿ, ಮಧ್ಯದಲ್ಲಿ ಇನ್ನೊಂದು ಫೋಟೋ ನೋಡಿದರೆ ತಲೆ ಕೆಡುತ್ತದೆ, ಯಾಕೆಂದರೆ ಗೋಡೆಯ ಮೇಲಿನ ಮುಖಗಳೇ ಬೇರೆ.

ಮೊದಲನೆಯದು 1888ರ ಅಕ್ಟೋಬರಿನದು, ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಮ್ಮಿನಲ್ಲಿದೆ. ಅವನು ಆಸ್ಪತ್ರೆಯಲ್ಲಿದ್ದಾಗ ರೋನ್ ನದಿಗೆ ನೆರೆ ಬಂದು, ಬೆಂಕಿ ಕಾಣದ ಆ ಮನೆಯ ಗೋಡೆಯೆಲ್ಲ ತೇವ ಹಿಡಿದು ಈ ಚಿತ್ರ ಹಾಳಾಯಿತು. ಬಣ್ಣ ಉದುರದಿರಲಿ ಅಂತ ಮೇಲೆ ನ್ಯೂಸ್ ಪೇಪರ್ ಅಂಟಿಸಿ ತಮ್ಮನಿಗೆ ಕಳಿಸಿಕೊಟ್ಟ. ರಿಪೇರಿಗೆ ಮೊದಲು ಒಂದು ನಕಲು ಮಾಡಿಕೋ ಅಂತ ತಿಯೋ ಅದನ್ನು ವಾಪಸ್ ಕಳಿಸಿದ. ಹಾಗೆ 1889ರ ಸೆಪ್ಟೆಂಬರಿನಲ್ಲಿ, ಸ್ಯಾಂ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿ ಕೂತು, ಈಗ ಶಿಕಾಗೋ ಆರ್ಟ್ ಇನ್ಸ್ಟಿಟ್ಯೂಟಿನಲ್ಲಿರುವ ಎರಡನೆಯದನ್ನು ಬರೆದ. ಅದೇ ತಿಂಗಳು ಅಮ್ಮ ಮತ್ತು ತಂಗಿಗೆ ಅಂತ ಸ್ವಲ್ಪ ಚಿಕ್ಕದಾಗಿ ಇನ್ನೊಂದು. ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿದೆ. ಶಿಕಾಗೋ ಕಡೆ ಇರುವ ಕನ್ನಡಿಗರು ಒಂದು ಶನಿವಾರ ಹೋಗಿ ಕಣ್ಣಾರೆ ನೋಡಿಕೊಂಡು ಬರಬಹುದು, ನಮಗೆ ಮ್ಯೂಸಿಯಮ್ಮುಗಳ ವೆಬ್‌ಸೈಟೇ ಗತಿ. ಅದೂ ಕಡಿಮೆಯೇನಲ್ಲ, ಜೂಮ್ ಮಾಡಿದರೆ ಬ್ರಶ್ಶಿನ ಗೀರು ಗೀರೂ ಕಾಣುತ್ತದೆ.

ಚಿತ್ರ ನಕಲು ಮಾಡುವುದಕ್ಕೆ ನಾಚಿಕೆ ಪಡುವವರಿಗೆ ಒಂದು ಮಾತು: ವ್ಯಾನ್ ಗೋನೇ ತನ್ನ ಚಿತ್ರವನ್ನು ಎರಡು ಸಲ ನಕಲು ಮಾಡಿದ್ದಾನೆ. ನೀವು ಮಾಡಿದರೆ ತಪ್ಪೇನು?

ನನ್ನ ಸಲಹೆ ಮೊದಲನೆಯದು. ಪತ್ರ ಬರೆದಿದ್ದು ಅದರ ಬಗ್ಗೆಯೇ. ಅವನ ಎಲ್ಲಾ ಪತ್ರಗಳನ್ನೂ ಆ ಮ್ಯೂಸಿಯಮ್ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ತಿಯೋಗೆ ಬರೆದದ್ದು ಮತ್ತು ಮರುದಿನ ಗೋಗ್ಯಾನ್‌ಗೆ ಬರೆದದ್ದು, ಎರಡನ್ನೂ ಓದಿ. ಎರಡರಲ್ಲೂ ಪೆನ್ನಿನಲ್ಲಿ ಗೀಚಿದ ಕೋಣೆಯ ಪುಟ್ಟ ಚಿತ್ರವೂ ಇದೆ, ನಕ್ಷೆ ಹಾಕುವಾಗ ಉಪಯೋಗಕ್ಕೆ ಬರುತ್ತದೆ.

ಹಂತ 2: ಸಾಮಾನು

ಮೂಲ ಚಿತ್ರದ ಅಳತೆ 72.4 ಸೆಂ.ಮೀ. ಎತ್ತರ, 91.3 ಸೆಂ.ಮೀ. ಅಗಲ. ಅಂಗಡಿಯಲ್ಲಿ ಸಿಗುವ 16 × 20 ಇಂಚಿನ ಕ್ಯಾನ್ವಾಸ್ ಬೋರ್ಡು ಹೆಚ್ಚು ಕಡಿಮೆ ಅದೇ ಪ್ರಮಾಣದ್ದು. ಕತ್ತರಿಸುವ, ಲೆಕ್ಕ ಹಾಕುವ ತಾಪತ್ರಯ ಇಲ್ಲ. ಅವನು ಎಣ್ಣೆಬಣ್ಣದಲ್ಲಿ ಬರೆದ. ನಾವು ಅಕ್ರಿಲಿಕ್ ತೆಗೆದುಕೊಳ್ಳೋಣ, ವಾಸನೆ ಇಲ್ಲ, ಬೇಗ ಒಣಗುತ್ತದೆ, ಬ್ರಶ್ಶನ್ನು ನಲ್ಲಿಯ ನೀರಿನಲ್ಲಿ ತೊಳೆದರೆ ಆಯಿತು.

ಬಣ್ಣ ಎಂಟು ಸಾಕು: ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್, ಸ್ಕಾರ್ಲೆಟ್, ಲೆಮನ್ ಯೆಲ್ಲೋ, ಗಾಢ ಹಳದಿ, ವಿರಿಡಿಯನ್ ಹಸಿರು, ಬರ್ನ್ಟ್ ಸಿಯೆನ್ನಾ, ಬಿಳಿ. ಬಿಳಿಯದು ಮಾತ್ರ ದೊಡ್ಡ ಟ್ಯೂಬ್ ತನ್ನಿ, ಗೋಡೆಗೇ ಅರ್ಧ ಖಾಲಿ ಆಗುತ್ತದೆ. ಕಪ್ಪು ಬೇಡ. ಕಪ್ಪು ಟ್ಯೂಬ್ ಮನೆಯಲ್ಲಿದ್ದರೆ ಎತ್ತಿ ಅಟ್ಟದ ಮೇಲಿಡಿ, ಕೈಗೆ ಸಿಕ್ಕರೆ ಹಾಕದೆ ಬಿಡುವುದಿಲ್ಲ.

ಕ್ರಿಮ್ಸನ್ ಬಗ್ಗೆ ಸ್ವಲ್ಪ ಹುಷಾರು. ಇಡೀ ಕಥೆ ಇರುವುದೇ ಆ ಟ್ಯೂಬಿನಲ್ಲಿ. ವ್ಯಾನ್ ಗೋ ಬಳಸಿದ ಕೆಂಪುಗಳಲ್ಲಿ ಒಂದು ಜೆರೇನಿಯಮ್ ಲೇಕ್, ಇಯೋಸಿನ್ ಅನ್ನುವ ರಾಸಾಯನಿಕ ಬಣ್ಣದಿಂದ ಮಾಡಿದ್ದು. ಇನ್ನೊಂದು ಕಾಚಿನೀಲ್, ಒಂದು ಹುಳುವಿನಿಂದ ತೆಗೆಯುವ ಕೆಂಪು. ನೋಡಲು ಬಲು ಚೆಂದ, ಆದರೆ ಬೆಳಕಿಗೆ ನಿಲ್ಲುವುದಿಲ್ಲ. ಇದು ಅವನಿಗೂ ಗೊತ್ತಿತ್ತು. ಹಾಗಾಗಿ ನೀವು ಕೊಳ್ಳುವಾಗ ಟ್ಯೂಬಿನ ಮೇಲೆ ಬಣ್ಣದ ಬಾಳಿಕೆಯ ಗುರುತು ಇದೆಯಾ ನೋಡಿ. ಕ್ವಿನಾಕ್ರಿಡೋನ್ ಅಂತ ಬರೆದಿರುವ ಕೆಂಪು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಬರೀ ಅಲಿಝರಿನ್ ಅಂತ ಇದ್ದರೆ ಬಿಡಿ, ಅದೂ ಮಾಸುತ್ತದೆ. ಉಳಿದ ಬಣ್ಣಗಳಲ್ಲಿ ಸ್ಟೂಡೆಂಟ್ ಕ್ವಾಲಿಟಿ ನಡೆಯುತ್ತದೆ, ಇದೊಂದರಲ್ಲಿ ಕಂಜೂಸ್ ಮಾಡಬೇಡಿ.

ಬ್ರಶ್ ಮೂರು: ಒಂದಿಂಚಿನ ಚಪ್ಪಟೆ, 8ನೇ ನಂಬರಿನ ಚಪ್ಪಟೆ, 4ನೇ ನಂಬರಿನ ದುಂಡನೆಯದು. ಹಂದಿಕೂದಲಿನ ಒರಟು ಬ್ರಶ್ ಆದರೆ ಒಳ್ಳೆಯದು, ಮೆತ್ತನೆಯದರಲ್ಲಿ ಗೀರು ಉಳಿಯುವುದಿಲ್ಲ. ಪ್ಯಾಲೆಟ್ಟಿಗೆ ಹಳೇ ಸ್ಟೀಲ್ ತಟ್ಟೆ. ಕಲಸಿದ ಬಣ್ಣ ಉಳಿಸಿಡಲು ಮುಚ್ಚಳ ಇರುವ ಎರಡು ಮೂರು ಪ್ಲಾಸ್ಟಿಕ್ ಡಬ್ಬಿ.

ಹಂತ 3: ಗೆರೆ

ಫೋಟೋ ಮೇಲೆ ಅಡ್ಡಕ್ಕೆ 10, ಉದ್ದಕ್ಕೆ 8 ಚೌಕ ಬರುವ ಹಾಗೆ ಗೆರೆ ಎಳೆಯಿರಿ. ಬೋರ್ಡಿನ ಮೇಲೆ ಎರಡೆರಡು ಇಂಚಿಗೆ ತೆಳ್ಳಗೆ ಪೆನ್ಸಿಲ್ ಗೆರೆ. ಒಟ್ಟು 80 ಮನೆ. ಒಂದೊಂದು ಮನೆಯಲ್ಲಿ ಕಂಡದ್ದನ್ನು ಇಲ್ಲಿ ಅದೇ ಮನೆಗೆ ಇಳಿಸುತ್ತಾ ಹೋಗಿ.

ಮೊದಲು ಮಂಚ. ಬಲಗಡೆ ಅರ್ಧ ಚಿತ್ರವನ್ನು ಅದೇ ತಿಂದಿದೆ, ಕಾಲ ಕಡೆಯ ಹಲಗೆ ನಮ್ಮ ಮುಖಕ್ಕೇ ಬಂದ ಹಾಗಿದೆ. ಆಮೇಲೆ ಹಿಂದಿನ ಗೋಡೆ, ಅದರಲ್ಲಿ ಕಿಟಕಿ. ಎಡ ಮೂಲೆಯಲ್ಲಿ ಚಿಕ್ಕ ಮೇಜು, ಮೇಲೆ ಬೋಗುಣಿ, ಹೂಜಿ, ಬಾಟಲಿ. ಮೇಜಿನ ಮೇಲ್ಗಡೆ ಕನ್ನಡಿ. ಒಂದು ಕುರ್ಚಿ ಎಡಗಡೆ ಹತ್ತಿರಕ್ಕೆ, ಇನ್ನೊಂದು ಆಚೆ ಮಂಚದ ತಲೆ ಕಡೆಗೆ. ತಲೆಯ ಹಿಂದಿನ ಗೂಟಗಳಿಗೆ ಬಟ್ಟೆ, ಹುಲ್ಲಿನ ಟೋಪಿ ನೇತುಹಾಕಿದೆ. ಬಲಗೋಡೆಯಲ್ಲಿ ಮಂಚದ ಮೇಲ್ಗಡೆ ಪಟಗಳು, ಅವು ಗೋಡೆಗೆ ಅಂಟಿಕೊಳ್ಳದೆ ಮುಂದಕ್ಕೆ ಬಾಗಿದ ಹಾಗಿವೆ.

ಗೆರೆ ಎಳೆಯುತ್ತಾ ಹೋದರೆ ನಿಮಗೆ ಅನುಮಾನ ಬರುತ್ತದೆ. ಹಿಂದಿನ ಗೋಡೆ ಓರೆ, ನೆಲ ಜಾರುತ್ತಿದೆ, ಮಂಚ ತಪ್ಪಾಗಿದೆ ಅನ್ನಿಸುತ್ತದೆ. ಸ್ಕೇಲ್ ಹಿಡಿದು ಸರಿ ಮಾಡಲು ಹೋಗಬೇಡಿ! ಹಿಂದಿನ ಮೂಲೆ ನಿಜವಾಗಿಯೂ ಓರೆ ಇತ್ತು, ಮನೆಯೇ ಹಾಗೆ ಕಟ್ಟಿದ್ದು. ಉಳಿದ ಜಾರುವಿಕೆಯನ್ನು ಅವನು ಬೇಕೆಂತಲೇ ಬಿಟ್ಟಿದ್ದಾನೆ ಅನ್ನುವುದು ನನ್ನ ಊಹೆ. ಆ ಮನೆಗೆ ಹೋಗಿ ಟೇಪ್ ಹಿಡಿದು ನೋಡೋಣ ಅಂದರೆ ಅದೂ ಈಗಿಲ್ಲ, ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ, ಬಾಂಬ್ ಬಿದ್ದು ಹೋಯಿತು.

ಕಿಟಕಿಯಾಚೆ ಏನು ಬರೆಯುವುದು ಅಂತ ಹಲವರು ಕೇಳುತ್ತಾರೆ. ಏನೂ ಇಲ್ಲ. ಕಿಟಕಿಯ ಹೊರಗಿನ ಕದಗಳು ಮುಚ್ಚಿವೆ ಅಂತ ಪತ್ರದಲ್ಲೇ ಇದೆ. ಆಚೆ ಚೌಕದ ಪಾರ್ಕ್ ಇತ್ತು, ಆದರೂ ಅದನ್ನು ಒಳಗೆ ಬಿಟ್ಟುಕೊಂಡಿಲ್ಲ.

ಹಂತ 4: ಬಣ್ಣ ಕಲಸುವುದು (ಇಲ್ಲಿ ನಿಧಾನ ಮಾಡಿ)

ಇಡೀ ಕೆಲಸದ ಜೀವ ಇಲ್ಲಿದೆ. ಬೇಕಾದರೆ ಒಂದು ಭಾನುವಾರ ಪೂರ್ತಿ ಇದಕ್ಕೇ ಕೊಡಿ.

ವ್ಯಾನ್ ಗೋ ಬಣ್ಣಗಳನ್ನು ಒಂಟಿಯಾಗಿ ಹಾಕಲಿಲ್ಲ, ಜೋಡಿಯಾಗಿ ಹಾಕಿದ. ಎದುರು ಬಣ್ಣಗಳ ಜೋಡಿ, ಚಿತ್ರಕಲೆ ಪಾಠದಲ್ಲಿ ಪೂರಕ ಬಣ್ಣ ಅಂತಾರಲ್ಲ, ಅವು. ನೇರಳೆಗೆ ಹಳದಿ. ಕೆಂಪಿಗೆ ಹಸಿರು. ನೀಲಿಗೆ ಕಿತ್ತಳೆ. ಈಗ ಪತ್ರದ ಪಟ್ಟಿ ನೋಡಿ: ಗೋಡೆ ತಿಳಿ ನೇರಳೆ, ಮಂಚ ಕುರ್ಚಿ ತಾಜಾ ಬೆಣ್ಣೆಯ ಹಳದಿ. ಹೊದಿಕೆ ಕಡುಗೆಂಪು, ಕಿಟಕಿ ಹಸಿರು. ಬೋಗುಣಿ ನೀಲಿ, ಅದನ್ನಿಟ್ಟ ಮೇಜು ಕಿತ್ತಳೆ. ಒಂದೂ ಒಂಟಿಯಿಲ್ಲ! ಕೊನೆಗೆ ಕಪ್ಪು ಚೌಕಟ್ಟಿನ ಬಿಳಿ ಕನ್ನಡಿ, ಅದು ನಾಲ್ಕನೇ ಜೋಡಿ ಅಂತ ಗೋಗ್ಯಾನ್‌ಗೆ ಬರೆದ ಪತ್ರದಲ್ಲಿ ಅವನೇ ಲೆಕ್ಕ ಒಪ್ಪಿಸಿದ್ದಾನೆ.

ನನ್ನ ಮೊದಲ ನಕಲು ಯಾಕೆ ಕೂಗಾಡಿತು ಅಂತ ಆಗ ಅರ್ಥವಾಯಿತು. ಗೋಡೆ ನೀಲಿ ಆದರೆ ಅದರ ಜೋಡಿ ಕಿತ್ತಳೆ, ಅದು ಪುಟ್ಟ ಮೇಜಿನಷ್ಟು ಮಾತ್ರ ಇದೆ. ಅಷ್ಟು ದೊಡ್ಡ ಹಳದಿ ಮಂಚ ಜೋಡಿಯಿಲ್ಲದೆ ನಿಂತಿತ್ತು. ಗೋಡೆ ನೇರಳೆ ಆದ ಕೂಡಲೇ ಮಂಚ ಗೋಡೆಗೆ ಒರಗಿಕೊಂಡು ತೆಪ್ಪಗಾಗುತ್ತದೆ. ಹೇಳಿದರೆ ನಂಬುವುದಿಲ್ಲ, ಹಚ್ಚಿ ನೋಡಿ.

ಗೋಡೆ: ಬಿಳಿ 6 ಪಾಲು, ಅಲ್ಟ್ರಾಮರೀನ್ 1, ಕ್ರಿಮ್ಸನ್ 1. ಬದನೆಕಾಯಿ ಹೂವಿನ ಬಣ್ಣ ನೆನಪಿದೆಯಾ? ಅದರ ಹತ್ತಿರ ಬಂದರೆ ನಿಲ್ಲಿಸಿ. ಕ್ರಿಮ್ಸನ್ ಬದಲು ಸ್ಕಾರ್ಲೆಟ್ ಹಾಕಿದರೆ ನೇರಳೆ ಬರುವುದಿಲ್ಲ, ಕೆಸರಿನಂಥ ಕಂದು ಬರುತ್ತದೆ, ಯಾಕೆಂದರೆ ಸ್ಕಾರ್ಲೆಟ್ಟಿನೊಳಗೆ ಹಳದಿ ಅಡಗಿರುತ್ತದೆ. ಒಂದೇ ಸಲ ಜಾಸ್ತಿ ಕಲಸಿ ಡಬ್ಬಿಯಲ್ಲಿಟ್ಟುಕೊಳ್ಳಿ, ಮೇಲೆ ಒದ್ದೆ ಬಟ್ಟೆ ಹಾಕಿ ಮುಚ್ಚಿ. ಮಧ್ಯದಲ್ಲಿ ಖಾಲಿಯಾಗಿ ಮತ್ತೆ ಕಲಸಿದರೆ ಅದೇ ಬಣ್ಣ ಸಿಗುವುದು ಕಷ್ಟ. ಮತ್ತೆ, ಅಕ್ರಿಲಿಕ್ ಒಣಗಿದಾಗ ಒಂದು ಚೂರು ಗಾಢವಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಇರಲಿ.

ಬಾಗಿಲು: ಗೋಡೆಯ ಬಣ್ಣಕ್ಕೇ ಇನ್ನೊಂದಿಷ್ಟು ನೀಲಿ, ಕ್ರಿಮ್ಸನ್.

ಮಂಚ, ಕುರ್ಚಿ: ಗಾಢ ಹಳದಿಗೆ ಬಿಳಿ, ಜೊತೆಗೆ ಉಗುರಿನ ತುದಿಯಷ್ಟು ಬರ್ನ್ಟ್ ಸಿಯೆನ್ನಾ. ಬೆಣ್ಣೆ ಅಂದರೆ ಪ್ಯಾಕೆಟ್ಟಿನ ಹಳದಿ ಬೆಣ್ಣೆ ಅಂತ ತಿಳಿಯಿರಿ. ಮಜ್ಜಿಗೆ ಕಡೆದು ತೆಗೆದ ಬಿಳಿ ಬೆಣ್ಣೆ ಲೆಕ್ಕಕ್ಕೆ ತೆಗೆದುಕೊಂಡರೆ ಮಂಚ ಪೇಲವವಾಗುತ್ತದೆ.

ಹಾಸು, ದಿಂಬು: ಬಿಳಿಗೆ ಲೆಮನ್ ಯೆಲ್ಲೋ, ಅದಕ್ಕೆ ಸಾಸಿವೆ ಕಾಳಿನಷ್ಟು ವಿರಿಡಿಯನ್. ಪತ್ರದಲ್ಲಿ ತುಂಬಾ ತಿಳಿಯಾದ ನಿಂಬೆ ಹಸಿರು ಅಂತಿದೆ. ದಿಂಬು ಬಿಳಿಯಾಗಿರಬೇಕು ಅಂತ ಮನಸ್ಸು ಹಟ ಹಿಡಿಯುತ್ತದೆ, ಕೇಳಬೇಡಿ.

ಹೊದಿಕೆ: ಸ್ಕಾರ್ಲೆಟ್, ಅದರ ಕಾಲು ಭಾಗ ಕ್ರಿಮ್ಸನ್. ಕೆಂಪು ದಾಸವಾಳ. ಬಿಳಿ ಬೆರೆಸಿದರೆ ಗುಲಾಬಿಯಾಗಿ ಕೆಡುತ್ತದೆ.

ನೆಲ ಎಲ್ಲಕ್ಕಿಂತ ತಂಟೆ. ತಿಯೋಗೆ ಕೆಂಪು ಟೈಲ್ಸ್ ಅಂತ ಬರೆದ, ಗೋಗ್ಯಾನ್‌ಗೆ ಬರೆಯುವಾಗ ಮಂಕಾದ, ಮಾಸಿದ ಕೆಂಪು ಅಂದ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಪಾಲಿಶ್ ಹೋದ ಮೇಲೆ ಹೇಗಿರುತ್ತದೆ, ಆ ಥರ. ಬರ್ನ್ಟ್ ಸಿಯೆನ್ನಾ 2 ಪಾಲು, ಕ್ರಿಮ್ಸನ್ 1, ಬಿಳಿ 2, ಆಮೇಲೆ ಚೂರೇ ಚೂರು ವಿರಿಡಿಯನ್. ಎದುರು ಬಣ್ಣ ಸ್ವಲ್ಪ ಬಿದ್ದರೆ ಕೆಂಪಿನ ಜೋರು ಇಳಿಯುತ್ತದೆ. ಹೊದಿಕೆಯೂ ಕೆಂಪು, ನೆಲವೂ ಕೆಂಪು, ಆದ್ದರಿಂದ ನೆಲ ತಗ್ಗಿದ ದನಿಯಲ್ಲೇ ಇರಬೇಕು. ಈಗಿನ ಫೋಟೋದಲ್ಲಿ ನೆಲ ಕಂದು ಕಂದಾಗಿ ಕಾಣುತ್ತದೆ, ಅದನ್ನು ನಂಬಬೇಡಿ.

ಕಿಟಕಿಗೆ ವಿರಿಡಿಯನ್, ಲೆಮನ್, ಬಿಳಿ. ಮೇಜಿಗೆ ಗಾಢ ಹಳದಿ ಮತ್ತು ಸ್ಕಾರ್ಲೆಟ್. ಬೋಗುಣಿಗೆ ಅಲ್ಟ್ರಾಮರೀನ್, ಬಿಳಿ. ಕನ್ನಡಿಯ ಕಪ್ಪು ಚೌಕಟ್ಟಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸಮಸಮ, ಇದು ಟ್ಯೂಬಿನ ಕಪ್ಪಿಗಿಂತ ಚೆನ್ನಾಗಿರುತ್ತದೆ.

ಇದೆಲ್ಲ ಹಗಲಲ್ಲಿ ಮಾಡಿ. ರಾತ್ರಿ ಹಳದಿ ಬಲ್ಬಿನಡಿ ಕಲಸಿದ ನೇರಳೆ ಬೆಳಗ್ಗೆ ಎದ್ದು ನೋಡಿದರೆ ಬೇರೆಯೇ ಆಗಿರುತ್ತದೆ, ಅನುಭವದ ಮಾತು.

ಪ್ರತಿ ಬಣ್ಣದ ಒಂದು ಪಟ್ಟಿಯನ್ನು ದಪ್ಪ ಕಾಗದದ ಮೇಲೆ ಹಚ್ಚಿ, ಕೆಳಗೆ ಪಾಲು ಬರೆದಿಡಿ. ಈ ಕಾಗದ ಎಸೆಯಬೇಡಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಹಂತ 5: ಹಚ್ಚುವುದು

ಗೋಡೆಯಿಂದ ಶುರು ಮಾಡಿ, ಕೂಡಲೇ ಮಂಚ. ಆಮೇಲೆ ನೆಲ, ಹೊದಿಕೆ, ಕಿಟಕಿ. ಕೊನೆಗೆ ಮೇಜು, ಬೋಗುಣಿ. ಜೋಡಿಗೆ ಜೋಡಿ ಹಚ್ಚುತ್ತಾ ಹೋದರೆ ಯಾವುದು ಜೋರಾಯಿತು, ಯಾವುದು ಮಂಕಾಯಿತು ಅಂತ ಆಗಲೇ ಗೊತ್ತಾಗುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಗಿಸುತ್ತಾ ಬರುವವರಿಗೆ ಇದು ಗೊತ್ತಾಗುವುದು ಕೊನೆಗೆ, ಆಗ ತಡವಾಗಿರುತ್ತದೆ.

ಒಂದು ಜಾಗಕ್ಕೆ ಒಂದೇ ಬಣ್ಣ, ಸಪಾಟಾಗಿ. ಆದರೆ ದಪ್ಪವಾಗಿ, ಒರಟಾಗಿ. ನೀರು ಬೆರೆಸಬೇಡಿ, ಟ್ಯೂಬಿನಿಂದ ಬಂದ ಗಟ್ಟಿ ಬಣ್ಣವೇ ಇರಲಿ, ದೋಸೆಗೆ ಬೆಣ್ಣೆ ಸವರಿದ ಹಾಗೆ. ಬ್ರಶ್ ಯಾವ ಕಡೆ ಓಡಬೇಕು ಅನ್ನುವುದು ವಸ್ತುವಿನ ಮೇಲೆ ನಿಂತಿದೆ. ಮಂಚದ ಹಲಗೆಯಲ್ಲಿ ಮರದ ಎಳೆ ಹೋದ ಕಡೆಗೆ, ನೆಲದಲ್ಲಿ ಉದ್ದುದ್ದ ಗೆರೆಗಳ ಕಡೆಗೆ, ಕುರ್ಚಿಯ ಹುಲ್ಲಿನ ಕೂರುವ ಜಾಗದಲ್ಲಿ ಹೆಣಿಗೆಯ ಕಡೆಗೆ. ಮಂಚ ದೊಡ್ಡದಾಗಿ, ಗಟ್ಟಿಮುಟ್ಟಾಗಿ ಕಾಣಬೇಕು. ಪೀಠೋಪಕರಣದ ಅಗಲ ಗೆರೆಗಳು ಅಲುಗದ ವಿಶ್ರಾಂತಿಯನ್ನು ತೋರಿಸಬೇಕು ಅಂತ ಅವನ ಆಸೆ.

ಮೊದಲ ಪದರ ಒಣಗಿದ ಮೇಲೆ ಕೆಳಗಿನ ಬಿಳಿ ಇಣುಕುವ ಕಡೆ ಎರಡನೆಯದು. ಅಷ್ಟೇ, ಮೂರನೆಯದು ಬೇಡ.

ಹಂತ 6: ನೆರಳು ಹಾಕಬೇಡಿ

ಇದು ಹಾಕುವ ಹಂತ ಅಲ್ಲ, ಕೈ ಕಟ್ಟಿಕೊಳ್ಳುವ ಹಂತ.

ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕಲಿಸಿದ್ದು ನೆನಪಿದೆಯಲ್ಲ, ಬೆಳಕು ಎಡದಿಂದ ಬಂದರೆ ನೆರಳು ಬಲಕ್ಕೆ ಅಂತ. ಮಂಚದ ಕೆಳಗೆ ಕತ್ತಲೆ ತುಂಬಲು, ಕುರ್ಚಿ ಕಾಲಿಗೆ ಒಂದು ನೆರಳು ಎಳೆಯಲು ಕೈ ತುರಿಸುತ್ತದೆ. ಇಲ್ಲಿ ನೆರಳನ್ನೆಲ್ಲ ತೆಗೆದುಹಾಕಿದ್ದೇನೆ, ಜಪಾನಿ ಮುದ್ರಣಗಳ ಹಾಗೆ ಸಪಾಟು ಬಣ್ಣ ಹಾಕಿದ್ದೇನೆ ಅಂತ ವ್ಯಾನ್ ಗೋ ಬರೆದಿದ್ದಾನೆ. ಅವನು ಪ್ಯಾರಿಸ್ಸಿನಲ್ಲಿದ್ದಾಗ ಆ ಮರದಚ್ಚಿನ ಚಿತ್ರಗಳನ್ನು ರಾಶಿ ಕೊಂಡಿಟ್ಟುಕೊಂಡಿದ್ದವನು. ಅವುಗಳಲ್ಲಿ ಮರಕ್ಕೂ ನೆರಳಿಲ್ಲ, ಮನುಷ್ಯರಿಗೂ ನೆರಳಿಲ್ಲ, ಆದರೂ ಏನೂ ಕೊರತೆ ಕಾಣುವುದಿಲ್ಲ.

ನೆರಳು ಇಲ್ಲದಿದ್ದರೆ ಏನಾಗುತ್ತದೆ? ಹೊತ್ತು ಎಷ್ಟಾಗಿದೆ ಅಂತ ತಿಳಿಯುವುದಿಲ್ಲ. ಬೆಳಗ್ಗೆಯೋ ಸಂಜೆಯೋ ಹೇಳಲಾಗದು. ಮಧ್ಯಾಹ್ನ ಊಟ ಆದ ಮೇಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದು, ಅರ್ಧ ಎಚ್ಚರದಲ್ಲಿ ಕಣ್ಣು ಬಿಟ್ಟಾಗ ಎಲ್ಲಾ ಸಾಮಾನು ಸುಮ್ನೆ ತಮ್ಮ ತಮ್ಮ ಜಾಗದಲ್ಲಿ ನಿಂತಿರುತ್ತವಲ್ಲ, ಹಾಗೆ.

ನೆರಳಿಲ್ಲದ ಮೇಲೆ ವಸ್ತು ಗಾಳಿಯಲ್ಲಿ ತೇಲಬಾರದು ಅಂದರೆ ಹೊರಗೆರೆ ಬೇಕು. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದ ಅದೇ ಗಾಢ ಮಿಶ್ರಣವನ್ನು 4ನೇ ನಂಬರಿನ ಬ್ರಶ್ಶಿನಲ್ಲಿ ತೆಗೆದುಕೊಂಡು ಮಂಚ, ಕುರ್ಚಿ, ಮೇಜಿನ ಅಂಚಿಗೆ ಎಳೆಯಿರಿ. ಹಳದಿಯ ಸುತ್ತ ಸ್ವಲ್ಪ ಕಂದು ಜಾಸ್ತಿ, ನೇರಳೆಯ ಹತ್ತಿರ ನೀಲಿ ಜಾಸ್ತಿ. ಒಂದೇ ದಪ್ಪಕ್ಕೆ ಎಳೆದರೆ ಕಾರ್ಟೂನ್ ಆಗುತ್ತದೆ, ಕೆಲವು ಕಡೆ ಗೆರೆ ತುಂಡಾದರೂ ಆಗಲಿ.

ಹಂತ 7: ಗೋಡೆಯ ಮೇಲಿನ ಮುಖಗಳು

ಮೊದಲ ಚಿತ್ರದಲ್ಲಿ ಮಂಚದ ಮೇಲ್ಗಡೆ ಎರಡು ಪಟ. ಒಬ್ಬ ಯುಜೀನ್ ಬೋಕ್, ಬೆಲ್ಜಿಯಮ್ಮಿನ ಚಿತ್ರಕಾರ ಗೆಳೆಯ. ಇನ್ನೊಬ್ಬ ಮಿಲಿಯೆ, ಸೈನಿಕ. ಎರಡೂ ವ್ಯಾನ್ ಗೋ ಬರೆದ ಪಟಗಳೇ. (ಈ ಬೋಕ್‌ನ ಅಕ್ಕ ಆ್ಯನಾ 1890ರಲ್ಲಿ ಅವನ ‘ರೆಡ್ ವಿನ್‌ಯಾರ್ಡ್’ ಚಿತ್ರವನ್ನು 400 ಫ್ರಾಂಕ್ ಕೊಟ್ಟು ಕೊಂಡವಳು.) ಮರುವರ್ಷದ ನಕಲುಗಳಲ್ಲಿ ಅವರಿಬ್ಬರೂ ಇಲ್ಲ. ತನ್ನದೇ ಮುಖ, ಒಂದು ಹೆಂಗಸಿನ ಮುಖ ಬಂದಿವೆ. ಗೋಗ್ಯಾನ್ ಬಂದು, ಜಗಳವಾಗಿ, ಡಿಸೆಂಬರ್ 23ರ ರಾತ್ರಿ ಕಿವಿ ಕೊಯ್ದುಕೊಂಡು, ಆಸ್ಪತ್ರೆ ಸೇರಿ, ಎಲ್ಲಾ ಆದ ಮೇಲಿನ ಚಿತ್ರಗಳು ಅವು.

ಅವನೇ ಬದಲಾಯಿಸಿದ ಮೇಲೆ ನೀವೂ ಬದಲಾಯಿಸಬಹುದು. ನಿಮಗೆ ಬೇಕಾದ ಇಬ್ಬರನ್ನು ಹಾಕಿ. ಅಜ್ಜಿ, ಗೆಳೆಯ, ಯಾರಾದರೂ. ಮೂಗು ಕಣ್ಣು ಬರೆಯಲು ಹೋಗಬೇಡಿ, ಆ ಅಳತೆಯಲ್ಲಿ ನಾಲ್ಕೈದು ಮುಟ್ಟು ಸಾಕು: ಕೂದಲಿಗೆ ಒಂದು, ಮುಖಕ್ಕೆ ಒಂದು, ಅಂಗಿಗೆ ಒಂದು, ಹಿನ್ನೆಲೆಗೆ ಒಂದು. ಬೋಕ್ ಪಟದ ಹಿನ್ನೆಲೆ ನಕ್ಷತ್ರದ ಆಕಾಶ, ಅದರಿಂದಲೇ ಅವನನ್ನು ಗುರುತು ಹಿಡಿಯುವುದು. ಅಜ್ಜಿಗೆ ಅವರ ಸೀರೆಯ ಬಣ್ಣ ಹಾಕಿದರೆ ಮನೆಯವರಿಗೆ ಗೊತ್ತಾಗುತ್ತದೆ.

ಹಂತ 8: ನೋಡಿ, ಬಿಡಿ

ಆರೇಳು ಅಡಿ ದೂರ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಹೊದಿಕೆ, ಹೊರಗೆರೆ, ಕನ್ನಡಿಯ ಚೌಕಟ್ಟು ಗಾಢವಾಗಿ ಕಾಣಬೇಕು, ನೆಲ ನಡುವೆ ಎಲ್ಲೋ ಇರಬೇಕು, ಗೋಡೆ ಮತ್ತು ಮಂಚದ ನಡುವೆ ಜಾಸ್ತಿ ಅಂತರ ಇರಬಾರದು. ಗೋಡೆ ತುಂಬಾ ಕಪ್ಪಾಗಿ ಬಂದಿದ್ದರೆ ಡಬ್ಬಿಯಲ್ಲಿ ಉಳಿದ ನೇರಳೆಗೆ ಬಿಳಿ ಸೇರಿಸಿ ಅಲ್ಲಲ್ಲಿ ಸವರಿ.

ಸಾಮಾನ್ಯವಾಗಿ ಆಗುವ ಕಷ್ಟ ಇನ್ನೊಂದಿದೆ. ಮುಗಿದ ಮೇಲೂ ಕೈ ನಿಲ್ಲುವುದಿಲ್ಲ. ಮೇಜಿನ ಮೇಲೆ ಹೂದಾನಿ ಇಡೋಣ, ನೆಲಕ್ಕೆ ಒಂದು ಜಮಖಾನ ಹಾಸೋಣ, ಮೂಲೆಯಲ್ಲಿ ಒಂದು ಬೆಕ್ಕು. ಸೊರಾ ಅನ್ನುವ ಚಿತ್ರಕಾರನ ಚಿತ್ರಗಳಷ್ಟು ಸರಳವಾದ, ಏನೂ ಇಲ್ಲದ ಕೋಣೆ ಅಂತ ಅವನು ಗೋಗ್ಯಾನ್‌ಗೆ ಬರೆದಿದ್ದ. ಬೆಕ್ಕು ಬೇಡ.

ಚೌಕಟ್ಟು ಬಿಳಿಯೇ ಹಾಕಿಸಿ. ಚಿತ್ರದಲ್ಲಿ ಬಿಳಿ ಇಲ್ಲ, ಅದಕ್ಕೇ ಚೌಕಟ್ಟು ಬಿಳಿ ಅಂತ ತಿಯೋಗೆ ಹೇಳಿದ. ಮರುದಿನ ಗೋಗ್ಯಾನ್‌ಗೆ ಬರೆಯುವಾಗ ಕನ್ನಡಿಯ ಬಿಳಿ ಒಂದಿದೆ ಅಂದ. ಒಂದೇ ದಿನಕ್ಕೆ ಮಾತು ಬದಲು! ಇರಲಿ, ಬಿಳಿ ಚೌಕಟ್ಟಿನ ಮಾತು ಸರಿಯಾಗಿಯೇ ಇದೆ, ಅಂಗಡಿಯವರು ತೋರಿಸುವ ಚಿನ್ನದ ಬಣ್ಣದ ಚೌಕಟ್ಟು ಈ ಬಡ ಮಂಚಕ್ಕೆ ಒಪ್ಪುವುದಿಲ್ಲ.

ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಆ ಬಣ್ಣದ ಪಟ್ಟಿಗಳ ಕಾಗದ ಎಸೆಯಬೇಡಿ ಅಂದಿದ್ದೆನಲ್ಲ, ಅದನ್ನು ಒಂದು ದಪ್ಪ ಪುಸ್ತಕದೊಳಗೆ ಕತ್ತಲಲ್ಲಿಡಿ. ಎರಡು ವರ್ಷ ಬಿಟ್ಟು ತೆಗೆದು, ಗೋಡೆಯ ನೇರಳೆ ಪಟ್ಟಿಯನ್ನು ಚಿತ್ರದ ಗೋಡೆಗೆ ಒತ್ತಿ ಹಿಡಿದು ನೋಡಿ. ಚಿತ್ರದ್ದು ಒಂದು ಚೂರಾದರೂ ನೀಲಿಗೆ ತಿರುಗಿದ್ದರೆ, ಮುಂದಿನ ಸಲ ಬೇರೆ ಕಂಪನಿಯ ಕ್ರಿಮ್ಸನ್ ತನ್ನಿ.